ಗುಡ್ಡ ಮತ್ತು ಹೊಳೆಯ ನಡುವೆ ಮನೆ ಕಟ್ಟುವುದು



ಕಟ್ಟಡದ ಸಾಮಗ್ರಿ ಪರಿಸರದ ಮೇಲೆ ಹಾಕುವ ಹೊರೆಯನ್ನು ಇಳಿಸುವುದು ಹೇಗೆ ಎಂಬುದು ಇಂದಿನ ವಿಷಯ. ಇದನ್ನು ಬೆಂಗಳೂರಿನ ಗಾಜಿನ ಕಟ್ಟಡಗಳಿಂದ ಶುರು ಮಾಡುವವರಿದ್ದಾರೆ. ನನಗೆ ಅಷ್ಟು ದೂರ ಹೋಗುವ ಅಗತ್ಯ ಕಾಣಲಿಲ್ಲ. ನಮ್ಮ ಗದಗ ಸೀಮೆಯ ನಟ್ಟನಡುವೆ ಕಪ್ಪತಗುಡ್ಡವಿದೆ, ದಕ್ಷಿಣದ ಅಂಚಿಗೆ ತುಂಗಭದ್ರೆ ಇದ್ದಾಳೆ. ನಾವು ಹಾಕಿಸುವ ಸ್ಲ್ಯಾಬಿಗೆ ಖಡಿ ಗುಡ್ಡದ ಸೀಮೆಯ ಕ್ವಾರಿಗಳಿಂದ ಬರುತ್ತದೆ, ಉಸುಕು ಹೊಳೆಯಿಂದ ಬರುತ್ತದೆ. ಹೊಳೆಯ ಉಸುಕು ಸಿಗದಿದ್ದರೆ ಎಂ-ಸ್ಯಾಂಡ್ ತರಿಸುತ್ತೇವೆ, ಅದು ಮತ್ತೆ ಗುಡ್ಡದ ಕಲ್ಲೇ. ಹೊಳೆಯನ್ನು ಉಳಿಸಲು ಹೋಗಿ ಗುಡ್ಡವನ್ನು ಅರೆಯುವುದು, ಗುಡ್ಡವನ್ನು ಉಳಿಸಲು ಹೋಗಿ ಹೊಳೆಯ ಒಡಲು ಬಗೆಯುವುದು. ಈ ಎರಡರ ನಡುವೆ ಮೂರನೆಯ ದಾರಿ ಇದೆಯೇ ಎಂಬುದೇ ನನ್ನ ಇಂದಿನ ಮಾತು.

ಕಪ್ಪತಗುಡ್ಡಕ್ಕಾಗಿ ಈ ನೆಲ ಮಾಡಿದ ಹೋರಾಟ ನಿಮಗೆಲ್ಲ ಗೊತ್ತು. 2011ರಲ್ಲಿ ಹಳ್ಳಿಗುಡಿಯ ಹೊಲಗಳಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುತ್ತದೆ ಎಂದಾಗ ರೈತರು ಎದ್ದು ನಿಂತರು, ತೋಂಟದಾರ್ಯ ಮಠದ ಲಿಂಗೈಕ್ಯ ಸಿದ್ಧಲಿಂಗ ಸ್ವಾಮೀಜಿ ಅವರ ಮುಂದೆ ನಿಂತರು. ಆ ಯೋಜನೆ ಹಿಂದೆ ಸರಿಯಿತು. ಗುಡ್ಡವನ್ನು 2015ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಿಸಿದರು, 2016ರಲ್ಲಿ ಹಿಂದಕ್ಕೆ ಪಡೆದರು, ಜನ ಬೀದಿಗಿಳಿದ ಮೇಲೆ 2017ರಲ್ಲಿ ಮರಳಿ ಘೋಷಿಸಿದರು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಇದು ನಮ್ಮ ಹೆಮ್ಮೆ. ಆದರೆ ಹೆಮ್ಮೆಯ ಜೊತೆಗೆ ಒಂದು ಮಾತನ್ನು ಆಡಲೇಬೇಕು. ಉಕ್ಕಿನ ಕಾರ್ಖಾನೆ ಬೇಡವೆಂದೆವು, ಉಕ್ಕು ಬೇಡವೆನ್ನಲಿಲ್ಲ. ಗುಡ್ಡವನ್ನು ಮುಟ್ಟಬೇಡಿ ಎಂದೆವು, ಖಡಿ ಬೇಡವೆನ್ನಲಿಲ್ಲ. ನಮ್ಮ ಬೇಡಿಕೆ ಇಳಿಯದ ತನಕ ಆ ಕ್ವಾರಿ ಇನ್ನೊಂದು ಸೀಮೆಗೆ, ಇನ್ನೊಂದು ಗುಡ್ಡಕ್ಕೆ ಸರಿಯುತ್ತದೆ ಅಷ್ಟೆ. ಕಪ್ಪತಗುಡ್ಡದ ಚಳವಳಿಯ ಉಳಿದ ಅರ್ಧ ಕೆಲಸ ನಮ್ಮ ಮನೆಗಳ ಪಾಯದಲ್ಲಿ, ಗೋಡೆಯಲ್ಲಿ, ಮಾಳಿಗೆಯಲ್ಲಿ ಆಗಬೇಕಾಗಿದೆ.

ಮೊದಲು ಸಿಮೆಂಟಿನ ಲೆಕ್ಕ ಹೇಳುತ್ತೇನೆ. ನಮ್ಮ ಕಡೆ ಬರುವ ಸಿಮೆಂಟು ಬಾಗಲಕೋಟೆ, ಕಲಬುರಗಿ ಸೀಮೆಯ ಸುಣ್ಣಕಲ್ಲಿನಿಂದ ಆಗುವಂಥದ್ದು. ಸುಣ್ಣಕಲ್ಲನ್ನು ಜೇಡಿಮಣ್ಣಿನ ಜೊತೆಗೆ ಅರೆದು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಡುತ್ತಾರೆ. ಆ ಕಾವಿಗೆ ಕಲ್ಲಿದ್ದಲು ಬೇಕು, ಅದರ ಹೊಗೆ ಒಂದು ಪಾಲು. ಅದಕ್ಕಿಂತ ದೊಡ್ಡ ಪಾಲು ಸುಣ್ಣಕಲ್ಲಿನ ಒಳಗಿನಿಂದಲೇ ಬರುತ್ತದೆ. ಕಲ್ಲು ಕಾದಾಗ ಅದರಲ್ಲಿ ಕಟ್ಟಿಬಿದ್ದಿದ್ದ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಆದ್ದರಿಂದ ಕಾರ್ಖಾನೆಯವರು ನಾಳೆ ಪೂರ್ತಿ ಸೌರಶಕ್ತಿಗೆ ತಿರುಗಿದರೂ ಅರ್ಧಕ್ಕಿಂತ ಹೆಚ್ಚು ಹೊರಸೂಸುವಿಕೆ ಹಾಗೆಯೇ ಉಳಿಯುತ್ತದೆ. ಜಗತ್ತಿನ ಒಟ್ಟು ಇಂಗಾಲದ ಹೊರಸೂಸುವಿಕೆಯಲ್ಲಿ ಸಿಮೆಂಟಿನದು ಸುಮಾರು 7ರಿಂದ 8 ಪ್ರತಿಶತ. ಚೀನಾವನ್ನು ಬಿಟ್ಟರೆ ಸಿಮೆಂಟನ್ನು ಅತಿ ಹೆಚ್ಚು ತಯಾರಿಸುವ ದೇಶ ನಮ್ಮದೇ.

ಇದನ್ನು ಮನೆಯ ಅಳತೆಗೆ ತರೋಣ. ಗೌಂಡಿಗಳ ಬಾಯಿಲೆಕ್ಕದಲ್ಲಿ ಆರ್‌ಸಿಸಿ ಮನೆಗೆ ಚದರಡಿಗೆ 0.4 ಚೀಲ ಸಿಮೆಂಟು, ಸುಮಾರು ನಾಲ್ಕು ಕಿಲೋ ಕಬ್ಬಿಣ. ಸಾವಿರ ಚದರಡಿಯ ಮನೆಗೆ 400 ಚೀಲ ಸಿಮೆಂಟು, 4 ಟನ್ ಕಬ್ಬಿಣ ಎಂದಾಯಿತು. ಬೂದಿ ಬೆರೆಸದ ಸಾದಾ ಸಿಮೆಂಟಿನ 50 ಕಿಲೋ ಚೀಲವೊಂದರ ಹಿಂದೆ ಸುಮಾರು 40 ಕಿಲೋ ಇಂಗಾಲದ ಡೈಆಕ್ಸೈಡ್ ಇದೆ. 400 ಚೀಲಕ್ಕೆ 16 ಟನ್. ಒಂದು ಟನ್ ಉಕ್ಕಿಗೆ ಎರಡು ಟನ್ನಿಗೂ ಹೆಚ್ಚು ಬರುವುದರಿಂದ ಕಬ್ಬಿಣದ ಪಾಲು ಎಂಟು ಟನ್ನಿಗೆ ಕಡಿಮೆಯಿಲ್ಲ. ಇಟ್ಟಂಗಿ, ಟೈಲ್ಸು, ಲಾರಿಯ ಡೀಸೆಲ್ಲು ಇನ್ನೂ ಸೇರಿಲ್ಲ. ಮನೆಗೆ ದೀಪ ಹಚ್ಚುವ ಮೊದಲೇ ಇಷ್ಟೆಲ್ಲ ಖರ್ಚಾಗಿರುತ್ತದೆ.

ಇನ್ನು ಹಿರಿಯರ ಮನೆಯ ಕಡೆ ಬರುತ್ತೇನೆ. ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಮಣ್ಣಿನ ಮಾಳಿಗೆಯ ಪಡಸಾಲೆಯಲ್ಲಿ ನಿಂತು ಒಮ್ಮೆ ತಲೆ ಎತ್ತಿ ನೋಡಿರಿ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೆ ಸೀಳಿದ ಚಿಲಿಕೆ. ಅದರ ಮೇಲೆ ಬೇವಿನದೋ ಲಕ್ಕಿಯದೋ ಸೊಪ್ಪಿನ ಹಾಸು. ಸೊಪ್ಪಿನ ಮೇಲೆ ತುಳಿದು ಹದ ಮಾಡಿದ ಕೆಸರು, ಎಲ್ಲಕ್ಕೂ ಮೇಲೆ ಮೇಲ್ಮುದ್ದೆ. ನಡುವೆ ಒಂದು ಬೆಳಕಿಂಡಿ. ಮೇಲ್ಮುದ್ದೆಗೆ ಯಾರೂ ಹೊಲದ ಒಳ್ಳೆಯ ಮಣ್ಣನ್ನು ತರುತ್ತಿರಲಿಲ್ಲ. ಬಿತ್ತಿದ್ದು ಏಳದ ಕರಲು ನೆಲದ ಮಣ್ಣನ್ನು ಹುಡುಕಿ ತರುತ್ತಿದ್ದರು. ಅದಕ್ಕೆ ಗಟ್ಟಿಯಾದ ಕಾರಣವಿದೆ. ಕರಲಿನ ಜೇಡಿಯಲ್ಲಿ ಸೋಡಿಯಂ ಹೆಚ್ಚು. ಮಳೆಯ ನೀರು ಬಿದ್ದಾಗ ಆ ಜೇಡಿ ಹೆಂಟೆಯಾಗಿ ನಿಲ್ಲದೆ ನುಣ್ಣಗೆ ಕರಗಿ ಹರಡಿಕೊಂಡು ಮಣ್ಣಿನ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ನೀರು ಕೆಳಗೆ ಇಳಿಯದೆ ಮೇಲೆಯೇ ಹರಿದು ದೋಣಿಯಿಂದ ಹೊರಗೆ ಬೀಳುತ್ತದೆ. ಬೆಳೆಯ ಬೇರಿಗೆ ಉಸಿರು ಕಟ್ಟಿಸುವ ಗುಣವೇ ಮಾಳಿಗೆಯನ್ನು ಕಾಯುತ್ತದೆ, ಮೇಲೆ ಹುಲ್ಲೂ ಸುಲಭವಾಗಿ ಹುಟ್ಟುವುದಿಲ್ಲ. ಮುಂಗಾರಿಗೆ ಮುಂಚೆ ನಾಲ್ಕು ಬುಟ್ಟಿ ಹೊಸ ಕರಲು ಹಾಕಿ ಬಡಿದರೆ ಆ ವರ್ಷದ ದುರಸ್ತಿ ಮುಗಿಯಿತು. ಈ ಮನೆಯ ಕಲ್ಲು, ಮಣ್ಣು, ಮರ ಎಲ್ಲವೂ ಹೆಚ್ಚೆಂದರೆ ಚಕ್ಕಡಿ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರದಿಂದ ಬಂದವು. ಮನೆ ಬಿದ್ದಾಗ ಮಣ್ಣು ಮಣ್ಣಾಯಿತು, ಕಲ್ಲೂ ತೊಲೆಯೂ ಮುಂದಿನ ಮನೆಗೆ ಹೋದವು.

ಹಾಗಾದರೆ ಎಲ್ಲರೂ ಮಾಳಿಗೆ ಮನೆಗೆ ಮರಳಿರಿ ಎನ್ನುತ್ತಿದ್ದೇನೆಯೇ? ಇಲ್ಲ. 2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆ ನೆನಪಿರುವವರು ಆ ಮಾತನ್ನು ಒಪ್ಪುವುದೂ ಇಲ್ಲ. ದಿನಗಟ್ಟಲೆ ಬಿಡದೆ ಹಿಡಿದ ಮಳೆಗೆ ಮಣ್ಣಿನ ಗೋಡೆ ಬುಡದಲ್ಲಿ ನೆನೆದು ಕುಸಿಯುತ್ತದೆ, ಮೇಲಿನ ಮಾಳಿಗೆ ನೀರು ಕುಡಿದು ಭಾರವಾಗಿ ಮಲಗಿದವರ ಮೇಲೆ ಬೀಳುತ್ತದೆ. ಜೀವ ಹೋಗಿವೆ. 2019ರ ನೆರೆಯಲ್ಲೂ ಅದೇ ಆಯಿತು. ಪ್ರತಿ ವರ್ಷ ಮೇಲ್ಮುದ್ದೆ ಮಾಡಲು ಆಳು ಸಿಗುವುದಿಲ್ಲ, ಹೊಸ ತೊಲೆಗೆ ಕಾಡಿನಲ್ಲಿ ಮರವಿಲ್ಲ, ಇರುವ ಮರವನ್ನು ಕಡಿಯಲೂಬಾರದು. ಸಂಧಿಯಲ್ಲಿ ಇಲಿ, ಚೇಳು. ಬಡವರು ಸ್ಲ್ಯಾಬಿನ ಮನೆ ಕೇಳಿದ್ದು ಶೋಕಿಗಲ್ಲ, ನೆಮ್ಮದಿಯಾಗಿ ನಿದ್ದೆ ಮಾಡಲಿಕ್ಕೆ. ಆ ಆಸೆಯನ್ನು ಕೀಳಾಗಿ ಕಾಣುವ ಪರಿಸರವಾದ ನನ್ನದಲ್ಲ.

ನಾನು ಕೇಳುತ್ತಿರುವುದು ಬೇರೆ. ಬೀಳಲಿರುವ ಮನೆಯನ್ನು ಬಿಡೋಣ. ಬೀಳದ ಮನೆಯನ್ನೂ ಕೆಡವುತ್ತಿದ್ದೇವಲ್ಲ, ಅದು ಏಕೆ? ಗದಗ ಪೇಟೆಯಲ್ಲಿ, ಲಕ್ಷ್ಮೇಶ್ವರದ ಹಳೆಯ ಓಣಿಗಳಲ್ಲಿ ಎರಡಡಿ ದಪ್ಪದ ಕಲ್ಲಿನ ಗೋಡೆ, ಸಾಗವಾನಿ ಕಂಬ, ಇನ್ನೂ ನೂರು ವರ್ಷ ಬಾಳುವ ಚೌಕಟ್ಟು ಇರುವ ಮನೆಗಳು ಜೆಸಿಬಿಗೆ ಒಂದು ಹೊತ್ತಿನ ಕೆಲಸವಾಗುತ್ತಿವೆ. ಗೋಡೆ ಗಟ್ಟಿಯಿದ್ದು ಮಾಳಿಗೆ ಮಾತ್ರ ಹಳತಾಗಿದ್ದರೆ ಮಾಳಿಗೆಯನ್ನಷ್ಟೇ ಬದಲಿಸಬಹುದು. ಗೋಡೆಯ ಬುಡದಲ್ಲಿ ಹಸಿ ಏರುತ್ತಿದ್ದರೆ ಸುತ್ತ ನೀರು ನಿಲ್ಲದಂತೆ ಚರಂಡಿ ತೆಗೆದು ಬುಡಕ್ಕೆ ಸುಣ್ಣದ ಗಿಲಾವು ಮಾಡಿಸಬಹುದು. ಅದೇ ಜಾಗಕ್ಕೆ ಸಿಮೆಂಟಿನ ಗಿಲಾವು ಬಳಿದರೆ ಹಸಿ ಒಳಗೆ ಸಿಕ್ಕಿಬಿದ್ದು ಮಣ್ಣಿನ ಗೋಡೆ ಮೊದಲಿಗಿಂತ ಬೇಗ ಕೊಳೆಯುತ್ತದೆ. ಇರುವ ನಾಲ್ಕು ಗೋಡೆಯನ್ನು ಉಳಿಸಿಕೊಂಡವರು ಅಷ್ಟು ಗೋಡೆಯ ಇಟ್ಟಂಗಿ, ಉಸುಕು, ಸಿಮೆಂಟನ್ನು ಪೂರ್ತಿಯಾಗಿ ಉಳಿಸಿದರು. ಯಾವ ಹಸಿರು ಸಾಮಗ್ರಿಯೂ ಈ ಉಳಿತಾಯವನ್ನು ಮೀರಿಸಲಾರದು. ನನ್ನ ಪ್ರಕಾರ ಮೂರನೆಯ ದಾರಿ ಇಲ್ಲಿಂದಲೇ ಶುರುವಾಗುತ್ತದೆ.

ಬೆಟಗೇರಿಯ ನೇಕಾರರ ಮನೆಗಳನ್ನು ಇಲ್ಲಿ ನೆನೆಯಬೇಕು. ಕುಣಿಮಗ್ಗವನ್ನು ನೆಲಕ್ಕೆ ಇಳಿಸಿ ಕೂಡಿಸಿದ್ದು ನೇಕಾರನ ಕಾಲಿಗೆ ಅನುಕೂಲವಾಗಲಿ ಎಂದು ಮಾತ್ರವಲ್ಲ. ಮಣ್ಣಿನ ನೆಲದ ತಂಪು, ಕುಣಿಯ ತೇವ ಹತ್ತಿಯ ಎಳೆಗೆ ಬೇಕು. ಗಾಳಿ ಒಣಗಿದರೆ ಎಳೆ ಮೇಲಿಂದ ಮೇಲೆ ಹರಿಯುತ್ತದೆ. ತಗಡಿನ ಇಲ್ಲವೆ ಬರಿಯ ಸ್ಲ್ಯಾಬಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಮಗ್ಗ ಹೊಡೆದವರನ್ನು ಕೇಳಿದರೆ ಕಟ್ಟಡ ಸಾಮಗ್ರಿಯ ಪ್ರಶ್ನೆ ದುಡಿಮೆಯ ಪ್ರಶ್ನೆಯೂ ಹೌದೆಂದು ತಿಳಿಯುತ್ತದೆ. ಕಾದ ಸ್ಲ್ಯಾಬಿನ ಕೆಳಗೆ ಫ್ಯಾನು, ಕೂಲರು ತಿರುಗಿಸುವ ಕರೆಂಟು ಆ ಮನೆ ಇರುವ ತನಕ ಬೀಳುವ ಎರಡನೆಯ ಬಿಲ್ಲು.

ಸುಣ್ಣದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನಾವು ಕಳೆದುಕೊಂಡಿದ್ದರಲ್ಲಿ ಅದು ದೊಡ್ಡದು. ಹಳೆಯ ಊರುಗಳಲ್ಲಿ ಗಚ್ಚಿನ ಗಾಣ ಇರುತ್ತಿತ್ತು. ನೆಲದಲ್ಲಿ ದುಂಡಗೆ ಕಲ್ಲಿನ ಕಾಲುವೆ, ಅದರಲ್ಲಿ ಉರುಳುವ ಕಲ್ಲಿನ ಗಾಲಿ, ಅದನ್ನು ಎಳೆಯುವ ಎತ್ತು. ಎರೆ ಹೊಲದಲ್ಲಿ ಸಿಗುವ ಸುಣ್ಣದ ಹರಳನ್ನು ಸುಟ್ಟು, ನೀರು ಹಾಕಿ ಅರಳಿಸಿ, ಕುಣಿಯಲ್ಲಿ ಕೊಳೆಹಾಕಿ, ಆ ಮೇಲೆ ಉಸುಕಿನ ಜೊತೆ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಣಿಲೆಕಾಯಿಯ ರಸ ಸೇರಿಸುತ್ತಿದ್ದರು. ಸುಣ್ಣ ಸುಡುವ ಕಸುಬಿನವರ ಹೆಸರು ಸುಣಗಾರ ಎಂಬ ಅಡ್ಡಹೆಸರಾಗಿ ನಮ್ಮಲ್ಲಿ ಇನ್ನೂ ಉಳಿದಿದೆ. ಲಕ್ಷ್ಮೇಶ್ವರದಲ್ಲಿ 1617ರ ಜುಮ್ಮಾ ಮಸೀದಿ ನಿಂತಿರುವುದು ಆದಿಲ್‌ಶಾಹಿ ಕಾಲದ ಗಚ್ಚಿನ ಕಟ್ಟುವಿಕೆಯಲ್ಲಿ. ಆಗ ಸಿಮೆಂಟು ಎಂಬುದೇ ಇರಲಿಲ್ಲ.

ಸುಣ್ಣಕ್ಕೆ ಸುಮಾರು 900 ಡಿಗ್ರಿ ಕಾವು ಸಾಕು. ಸುಡುವಾಗ ಅದೂ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಗೋಡೆಯಲ್ಲಿ ಗಟ್ಟಿಯಾಗುವಾಗ ಸುಣ್ಣ ಗಾಳಿಯಿಂದ ಅದೇ ಅನಿಲವನ್ನು ಮೆಲ್ಲನೆ ಮರಳಿ ಹೀರುತ್ತದೆ, ಹೀರಿಕೊಂಡೇ ಕಲ್ಲಾಗುತ್ತದೆ. ಉರುವಲಿನ ಹೊಗೆ ಮಾತ್ರ ಸಾಲವಾಗಿ ಉಳಿಯುತ್ತದೆ. ಇದಕ್ಕಿಂತ ನನಗೆ ಮುಖ್ಯವಾಗಿ ಕಾಣುವ ಗುಣ ಇನ್ನೊಂದು. ಸುಣ್ಣದಲ್ಲೋ ಮಣ್ಣಿನಲ್ಲೋ ಕಟ್ಟಿದ ಗೋಡೆಯನ್ನು ಬಿಚ್ಚಿದರೆ ಕಲ್ಲು ಇಡಿಯಾಗಿ ಕೈಗೆ ಬರುತ್ತದೆ. ಸಿಮೆಂಟಿನಲ್ಲಿ ಕಟ್ಟಿದ ಇಟ್ಟಂಗಿ ಗೋಡೆಯನ್ನು ಕೆಡವಿದರೆ ಗಾರೆಗಿಂತ ಮೊದಲು ಇಟ್ಟಂಗಿಯೇ ಒಡೆಯುತ್ತದೆ, ಕಸವಾಗುತ್ತದೆ. 2016ರಲ್ಲಿ ಕೇಂದ್ರ ಸರಕಾರ ಕಟ್ಟಡದ ಕಸಕ್ಕೆಂದೇ ನಿಯಮ ತಂದಿತು. ನಮ್ಮ ಊರುಗಳ ಕಸ ಇಂದಿಗೂ ಹಳ್ಳದ ದಂಡೆಯಲ್ಲಿಯೇ ಬೀಳುತ್ತಿದೆ.

ಕಲ್ಲು ಎಷ್ಟು ಬಾಳುತ್ತದೆ ಎಂಬುದಕ್ಕೆ ನಮಗೆ ಸಾಕ್ಷಿ ಬೇಕಿಲ್ಲ. ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ್ದು 1007ರಲ್ಲಿ. ಡಂಬಳದ ದೊಡ್ಡಬಸಪ್ಪ, ಲಕ್ಷ್ಮೇಶ್ವರದ ಸೋಮೇಶ್ವರ, ಗದುಗಿನ ತ್ರಿಕೂಟೇಶ್ವರ ಎಲ್ಲವೂ ಕಲ್ಯಾಣ ಚಾಲುಕ್ಯರ ಕಾಲದ ಕೆಲಸ. ಬಾದಾಮಿ, ಪಟ್ಟದಕಲ್ಲಿನ ಮರಳುಗಲ್ಲಿನ ದೊಡ್ಡ ದೊಡ್ಡ ಬಂಡೆಗಳನ್ನು ಬಿಟ್ಟು, ನುಣುಪಾದ ಬಳಪದ ಕಲ್ಲಿನ ಸಣ್ಣ ತುಂಡುಗಳಲ್ಲಿ ಕಟ್ಟಲು ಕಲಿತ ಕಾಲ ಅದು. ಸಣ್ಣ ಕಲ್ಲು ಹೊರಲು ಹಗುರ, ಕೆತ್ತಲು ಸುಲಭ, ಗಾರೆಯಿಲ್ಲದೆ ಒಂದಕ್ಕೊಂದು ಕೂಡುತ್ತದೆ. ತಮ್ಮ ನೆಲದಲ್ಲಿ ಸಿಕ್ಕ ಕಲ್ಲಿಗೆ ತಕ್ಕಂತೆ ಇಡೀ ಶಿಲ್ಪಶೈಲಿಯನ್ನೇ ಬದಲಿಸಿಕೊಂಡ ಶಿಲ್ಪಿಗಳ ಸೀಮೆಯಲ್ಲಿ ನಾವು ಬದುಕುತ್ತಿದ್ದೇವೆ.

ಹೊಸ ಮನೆಯನ್ನು ಕಟ್ಟಲೇಬೇಕಾದವರಿಗೆ ಏನು ಹೇಳಲಿ? ಪಾಯದ ಮಾತು ಮೊದಲು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಪಾಯ ಹಾಕಿ ಆ ಮೇಲೆ ಬಿರುಕಿಗೆ ಸಿಮೆಂಟು ಸುರಿಯುವುದು ನಮ್ಮ ಕಡೆ ನಡೆದೇ ಇದೆ. ಗರಸು ಹತ್ತುವ ತನಕ ತೋಡಿ ಕಲ್ಲಿನ ಪಾಯ ಎತ್ತಿದರೆ, ತೀರ ಆಳವಾದರೆ ಗರಸು ತುಂಬಿ ದಮ್ಮಸ್ಸು ಮಾಡಿದರೆ ಅರ್ಧ ರೋಗ ಬರುವುದೇ ಇಲ್ಲ.

ಸಿಮೆಂಟು ಕೊಳ್ಳುವಾಗ ಚೀಲದ ಮೇಲೆ ಪಿಪಿಸಿ ಎಂದಿದೆಯೇ ನೋಡಿರಿ. ಅದರಲ್ಲಿ 15ರಿಂದ 35 ಪ್ರತಿಶತದವರೆಗೆ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಇರುತ್ತದೆ. ಪಿಎಸ್‌ಸಿ ಎಂದಿದ್ದರೆ ಉಕ್ಕಿನ ಕುಲುಮೆಯ ಕಿಟ್ಟ ಇನ್ನೂ ಹೆಚ್ಚಿರುತ್ತದೆ. ಶಕ್ತಿನಗರದ, ಕುಡತಿನಿಯ ಸ್ಥಾವರಗಳ ಬೂದಿ, ತೋರಣಗಲ್ಲಿನ ಕುಲುಮೆಗಳ ಕಿಟ್ಟ ನಮಗೆ ದೂರದವೇನೂ ಅಲ್ಲ. 400 ಚೀಲದ ಮನೆಯಲ್ಲಿ ಸಾದಾ ಸಿಮೆಂಟಿನ ಬದಲು ಪಿಪಿಸಿ ಹಾಕಿದರೆ ನಾಲ್ಕು ಟನ್ನಿನ ಸುತ್ತಮುತ್ತ ಇಂಗಾಲ ಉಳಿಯುತ್ತದೆ, ದುಡ್ಡೂ ಹೆಚ್ಚು ಬೀಳುವುದಿಲ್ಲ. ಈಗ ಸುಣ್ಣಕಲ್ಲಿನ ಪುಡಿ, ಸುಟ್ಟ ಜೇಡಿ ಬೆರೆಸಿ ಸುಡುಗಲ್ಲಿನ (ಕ್ಲಿಂಕರಿನ) ಪಾಲನ್ನು ಅರ್ಧಕ್ಕೆ ಇಳಿಸಿದ ಎಲ್‌ಸಿ3 ಎಂಬ ಸಿಮೆಂಟಿಗೂ 2023ರಲ್ಲಿ ಭಾರತೀಯ ಮಾನಕ ಬಂದಿದೆ. ನಮ್ಮ ಅಂಗಡಿಗಳಿಗೆ ಅದು ಬಂದಾಗ ಹಿಂಜರಿಯಬೇಡಿ.

ಆದರೆ ಪಿಪಿಸಿಗೆ ತಾಳ್ಮೆ ಬೇಕು. ಅದು ನಿಧಾನವಾಗಿ ಬಲಿಯುತ್ತದೆ. ಕನಿಷ್ಠ 10 ದಿನ, ನಮ್ಮಂಥ ಬಿಸಿಲ ಸೀಮೆಯಲ್ಲಿ 14 ದಿನ ಅದನ್ನು ತೇವವಾಗಿಡಬೇಕು. ಹಲವು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಊರಲ್ಲಿ ಪೈಪು ಹಿಡಿದು ನೀರು ಹೊಡೆಯಲಾಗದು, ಹೊಡೆಯಲೂಬಾರದು. ಗೋಣಿತಾಟು ಹೊದಿಸಿ ನೆನೆಸಿಟ್ಟರೆ ಕಡಿಮೆ ನೀರಿನಲ್ಲಿ ಕೆಲಸವಾಗುತ್ತದೆ. ಇನ್ನೊಂದು ಸಣ್ಣ ಸಂಗತಿಯನ್ನು ಹತ್ತಿರದಿಂದ ನೋಡಿರಿ. ಸ್ಲ್ಯಾಬು ಹಾಕುವ ದಿನ ಸೆಂಟ್ರಿಂಗ್ ಹಲಗೆಗೂ ಕಬ್ಬಿಣದ ಜಾಲರಿಗೂ ನಡುವೆ ಕನಿಷ್ಠ 20 ಮಿಲಿಮೀಟರ್ ಜಾಗ ಬೇಕು. ಅದಕ್ಕೆ ಸಿಮೆಂಟಿನ ಸಣ್ಣ ಬಿಲ್ಲೆಗಳನ್ನು ಕೆಳಗೆ ಇಡಬೇಕು. ಅವಸರದಲ್ಲಿ ಬಿಲ್ಲೆ ಇಡುವುದನ್ನು ಬಿಟ್ಟರೆ ಕಬ್ಬಿಣ ಹಲಗೆಗೆ ತಾಗಿ ಕೂರುತ್ತದೆ, ಮುಂದೆ ಗಾಳಿಗೆ, ತೇವಕ್ಕೆ ಸಿಕ್ಕು ತುಕ್ಕು ಹಿಡಿದು ಉಬ್ಬುತ್ತದೆ, ಪದರು ಪದರಾಗಿ ಗಾರೆ ಉದುರುತ್ತದೆ. 60 ವರ್ಷ ಬಾಳಬೇಕಾದ ಸ್ಲ್ಯಾಬು 30 ವರ್ಷಕ್ಕೆ ಬಿದ್ದರೆ ಗುಡ್ಡವನ್ನೂ ಹೊಳೆಯನ್ನೂ ಎರಡು ಸಲ ಬಗೆದಂತೆ. ಒಬ್ಬ ಗೌಂಡಿಯ ಎಚ್ಚರದಿಂದ ಆಗುವ ಪರಿಸರ ರಕ್ಷಣೆ ಇಷ್ಟು ದೊಡ್ಡದು. ಅವನ ಕೂಲಿಯಲ್ಲಿ ಚೌಕಾಶಿ ಮಾಡುವವರು ಇದನ್ನು ಯೋಚಿಸಬೇಕು.

ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದ ಫಿಲ್ಲರ್ ಸ್ಲ್ಯಾಬು ನಮ್ಮಲ್ಲೂ ಆಗುತ್ತದೆ. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತವನ್ನು ಹೊರುವುದು ಕಬ್ಬಿಣ, ಅಲ್ಲಿನ ಕಾಂಕ್ರೀಟಿಗೆ ಕೆಲಸ ಕಡಿಮೆ. ಅಲ್ಲಿ ಹಳೆಯ ಮಂಗಳೂರು ಹಂಚು ಜೋಡಿಸಿದರೆ ಕಾಂಕ್ರೀಟು ಉಳಿಯುತ್ತದೆ, ಭಾರ ಇಳಿಯುತ್ತದೆ, ಜೋಡಿ ಹಂಚಿನ ನಡುವಿನ ಗಾಳಿ ಬಿಸಿಲನ್ನು ತಡೆಯುತ್ತದೆ. ಎಂಜಿನಿಯರರ ಲೆಕ್ಕವಿಲ್ಲದೆ ಮಾತ್ರ ಇದನ್ನು ಮಾಡಿಸಬೇಡಿ.

ಗೋಡೆಗೆ ಬಂದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಹುಟ್ಟುಹಾಕಿದ ಅಸ್ತ್ರ ಕೇಂದ್ರದಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಸುಡದ ಮಣ್ಣಿನ ಬ್ಲಾಕನ್ನು ಬಳಕೆಗೆ ತಂದರು. ಮಣ್ಣಿಗೆ 6ರಿಂದ 8 ಪ್ರತಿಶತ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿ, ನೆರಳಲ್ಲಿ ಮೂರು ವಾರ ತೇವವಿಟ್ಟರೆ ಬ್ಲಾಕು ಸಿದ್ಧ. ಭಟ್ಟಿಯಿಲ್ಲ, ಉರುವಲಿಲ್ಲ. ಸುಟ್ಟ ಇಟ್ಟಂಗಿಯ ಗೋಡೆಗೆ ಬೇಕಾದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲಿನಲ್ಲಿ ಅಷ್ಟೇ ಗೋಡೆ ಏಳುತ್ತದೆ ಎಂದು ಜಗದೀಶ್, ವೆಂಕಟರಾಮ ರೆಡ್ಡಿಯವರ ಲೆಕ್ಕ ತೋರಿಸಿತು. ಕಪ್ಪತಗುಡ್ಡದ ಬುಡದ ಮಸಾರಿ ಇದಕ್ಕೆ ಒಗ್ಗುತ್ತದೆ. ಎರೆಮಣ್ಣು ಒಗ್ಗುವುದಿಲ್ಲ, ಅದರ ಉಬ್ಬುವ ಜೇಡಿಗೆ ಸುಣ್ಣವೇ ಬೇಕು, ಜೊತೆಗೆ ಕ್ರಷರಿನಲ್ಲಿ ಬಿದ್ದಿರುವ ಕಲ್ಲುಪುಡಿಯನ್ನು ಬಹಳ ಬೆರೆಸಬೇಕು. ಮಣ್ಣನ್ನು ತಿಳಿಯಲು ಪ್ರಯೋಗಾಲಯವೇ ಆಗಬೇಕೆಂದಿಲ್ಲ. ಗಾಜಿನ ಭರಣಿಯಲ್ಲಿ ಮೂರನೆಯ ಒಂದು ಪಾಲು ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಉಸುಕು ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂರುತ್ತದೆ, ಜೇಡಿ ಇಳಿಯಲು ಮರುದಿನವಾಗುತ್ತದೆ. ಅರ್ಧಕ್ಕಿಂತ ಬಹಳ ಹೆಚ್ಚು ಉಸುಕಿದ್ದು, ಮೇಲೆ ತೆಳುವಾಗಿ ಜೇಡಿ ಕಂಡರೆ ಆ ಮಣ್ಣು ಬ್ಲಾಕಿಗೆ ಆದೀತು.

ಯಂತ್ರವನ್ನು ಒಬ್ಬೊಬ್ಬರೇ ಕೊಳ್ಳುವುದು ಆಗದ ಮಾತು. ಇದಕ್ಕೆ ನಮ್ಮ ಜಿಲ್ಲೆಯೇ ದಾರಿ ತೋರಿಸಿದೆ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದರು. ಬೀಜಕ್ಕೆ, ಗೊಬ್ಬರಕ್ಕೆ, ಸಾಲಕ್ಕೆ ಇರುವ ಸಂಘ ಒಂದು ಬ್ಲಾಕಿನ ಯಂತ್ರವನ್ನೂ ಒಂದು ಸುಣ್ಣದ ಕುಣಿಯನ್ನೂ ಇಟ್ಟುಕೊಳ್ಳಲಿ. ಕೆಡವಿದ ಮನೆಯ ಕಲ್ಲು, ತೊಲೆ, ಬಾಗಿಲು, ಹಂಚನ್ನು ಕೊಂಡು ಮಾರುವ ಒಂದು ಅಂಗಳವೂ ಅದರದೇ ಇರಲಿ. ನಾಗಾವಿಯ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಮಣ್ಣು ಪರೀಕ್ಷೆಗೂ ತರಬೇತಿಗೂ ಕೈಜೋಡಿಸಬಹುದು.

ಸರಕಾರದವರಿಗೆ ನನ್ನ ಬೇಡಿಕೆ ಸಣ್ಣದು, ಆದರೆ ಗಟ್ಟಿಯಾದದ್ದು. ವಸತಿ ಯೋಜನೆಯ ಕಂತು ಪಾಯ, ಲಿಂಟಲ್, ಚಾವಣಿ ಎಂದು ಹೊಸ ಮನೆಯ ಹಂತಗಳಿಗೆ ಬಿಡುಗಡೆಯಾಗುತ್ತದೆ. ಗಟ್ಟಿ ಗೋಡೆಯನ್ನು ಉಳಿಸಿಕೊಂಡು ಚಾವಣಿ ಬದಲಿಸುವ ಬಡವನಿಗೂ ಅದೇ ಮಾನದಲ್ಲಿ ನೆರವು ಸಿಗಬೇಕು. ಇಂದು ಕೆಡವಿದವನಿಗೆ ಹಣ ಸುಲಭ, ಉಳಿಸಿದವನಿಗೆ ಕಷ್ಟ.

ಗಚ್ಚಿನ ಕೆಲಸ ಬಲ್ಲ ಗೌಂಡಿಗಳು ಈಗ ಮುಪ್ಪಿನವರು. ಅವರಿಂದ ಕಲಿಯುವುದಕ್ಕೆ ಭಾಷಣ ಸಾಲದು, ಕಾಮಗಾರಿ ಬೇಕು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಾಲ್ಕೂ ಊರುಗಳಲ್ಲಿ ಒಂದೊಂದು ಹಳೆಯ ಶಾಲೆಯನ್ನೋ ಚಾವಡಿಯನ್ನೋ ಆರಿಸಿ, ಅದರ ದುರಸ್ತಿಯನ್ನು ಸುಣ್ಣದಲ್ಲಿ ಮಾಡಿಸೋಣ. ಒಬ್ಬ ಹಿರಿಯ ಗೌಂಡಿಗೆ ಕಲಿಸುವ ಕೂಲಿ ಕೊಟ್ಟು, ಜೊತೆಗೆ ಐದಾರು ಹುಡುಗರನ್ನು ನಿಲ್ಲಿಸೋಣ. ಸುಣ್ಣದ ಗಾರೆ ಬಿರುಬಿಸಿಲಿಗೆ ಒಣಗಿ ಪುಡಿಯಾಗುತ್ತದೆ, ಆದ್ದರಿಂದ ಆ ಕೆಲಸವನ್ನು ದೀಪಾವಳಿಯಿಂದ ಶಿವರಾತ್ರಿಯ ಒಳಗೆ ಮುಗಿಸಬೇಕು. ಅರಳಿಸಿದ ಸುಣ್ಣ ವಾರಗಟ್ಟಲೆ ನೀರಿನಡಿ ನೆನೆಯಬೇಕಾದ್ದರಿಂದ ಕುಣಿಯನ್ನು ಗಣೇಶ ಚೌತಿಯ ಹೊತ್ತಿಗೇ ತೋಡಿರಬೇಕು. ಜಾಗ ಕೊಡಲು ಸಿದ್ಧರಿರುವ ಪಂಚಾಯಿತಿಯವರು, ಸಂಘದವರು ಸಭೆ ಮುಗಿದ ಮೇಲೆ ವೇದಿಕೆಯ ಬಳಿ ಬಂದು ಹೆಸರು ಬರೆಸಬೇಕೆಂದು ಕೇಳಿಕೊಳ್ಳುತ್ತೇನೆ.